ಶರೀಫಜ್ಜನ ಪದ, ಒಂದು ರಾಕ್ ಆಲ್ಬಂ, ಮತ್ತೆ ನಮ್ಮೂರ ಕ್ಯಾಸೆಟ್

ಹೋದ ಶ್ರಾವಣದಲ್ಲಿ ದುಮ್ಮವಾಡದ ಗೆಳೆಯನೊಬ್ಬನ ಮನೆಯ ಅಟ್ಟ ಸ್ವಚ್ಛ ಮಾಡುವಾಗ ನಮಗೆ ಒಂದು ಬಿಸ್ಕಿಟ್ ಡಬ್ಬಿ ಸಿಕ್ಕಿತು. ಒಳಗೆ ಏಳು ಕ್ಯಾಸೆಟ್ ಇದ್ದವು. ಆರರ ಮೇಲೆ ಸಿನಿಮಾ ಹೆಸರು. ಏಳನೆಯದರ ಮೇಲೆ ಬಾಲ್‌ಪೆನ್ನಿನಲ್ಲಿ ‘ನಮ್ಮ ಭಜನಿ ಪದ’ ಅಂತ ಬರೆದಿತ್ತು, ಅಷ್ಟೇ. ತಾರೀಖು ಇಲ್ಲ, ಹಾಡಿದವರ ಹೆಸರಿಲ್ಲ.

ಗೆಳೆಯನ ದೊಡ್ಡಪ್ಪನಿಗೆ ತೋರಿಸಿದೆವು. ಕನ್ನಡಕ ಏರಿಸಿ ನೋಡಿ ನಕ್ಕರು.

“ಇದು ನಾವ ರೊಕ್ಕಾ ಕೂಡಿಸಿ ಮಾಡಿಸಿದ್ದೋ ತಮ್ಮಾ. ಟೆಂಪೋ ಮಾಡ್ಕೊಂಡು ಸ್ಟುಡಿಯೋಕ್ಕ ಹೋಗಿದ್ವಿ. ನೂರು ಕ್ಯಾಸೆಟ್ ಮಾಡಿಸಿದ್ವಿ. ಜಾತ್ರಿಯೊಳಗ ಒಂದಿಷ್ಟು ಮಾರಿದ್ವಿ, ಉಳಿದವು ಬೀಗರಿಗೆ ಕೊಟ್ವಿ.”

ಮೂಲ ಟೇಪು ಎಲ್ಲಿ ಅಂತ ಕೇಳಿದೆವು. ಅದು ಸ್ಟುಡಿಯೋದಲ್ಲೇ ಉಳಿಯಿತಂತೆ. ಆ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಯಿತು. ಆರು ಮಂದಿ ಮೇಳದಲ್ಲಿ ಈಗ ಉಳಿದವರು ಇಬ್ಬರು. ನೂರು ಕ್ಯಾಸೆಟ್‌ನಲ್ಲಿ ನಮಗೆ ಸಿಕ್ಕದ್ದು ಇದೊಂದು.

ದೊಡ್ಡಪ್ಪನ ಮೇಳ ಮಾಡಿದ್ದಕ್ಕೆ ಸಂಗೀತದ ಪೇಟೆಯಲ್ಲಿ ‘ಸೆಲ್ಫ್ ರಿಲೀಸ್’ ಅನ್ನುತ್ತಾರೆ. ಯಾವ ಕಂಪನಿಯನ್ನೂ ಕಾಯದೆ ಸ್ವಂತ ದುಡ್ಡಿನಲ್ಲಿ ಹಾಡು ರೆಕಾರ್ಡ್ ಮಾಡಿಸಿ ತಾವೇ ಮಾರುವುದು. ರಾಕ್ ಬ್ಯಾಂಡುಗಳ ಇತಿಹಾಸದಲ್ಲಿ ಇದೊಂದು ದೊಡ್ಡ ಅಧ್ಯಾಯ. ಆ ಇತಿಹಾಸ ಓದುತ್ತಾ ಹೋದ ನಮಗೆ ಒಂದು ಮಾತು ಸ್ಪಷ್ಟವಾಯಿತು: ಮೊದಲ ಬಿಡುಗಡೆಗೆ ರೊಕ್ಕ ಬೇಕು, ಎರಡನೇ ಬಿಡುಗಡೆಗೆ ಯಾರಾದರೂ ಅದನ್ನು ಜೋಪಾನ ಮಾಡಿರಬೇಕು. ಹಾಡು ಉಳಿಯುವುದು ಬಹಳ ಸಲ ಆ ಎರಡನೆಯದರಿಂದಲೇ.

ಈ ಮಾತಿಗೆ ಒಳ್ಳೆಯ ಸಾಕ್ಷಿ ನಮ್ಮ ಕಡೆಯ ಒಂದು ಪದದಲ್ಲೇ ಇದೆ. ದೊಡ್ಡಪ್ಪನ ಕ್ಯಾಸೆಟ್‌ನ ಮೊದಲ ಪದ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’. ಅದೇ ಪದ ಬೆಂಗಳೂರಿನ ಒಂದು ಬ್ಯಾಂಡಿನ ಮೊದಲ ಆಲ್ಬಂನಲ್ಲೂ ಇದೆ. ಆ ಆಲ್ಬಂ ಎರಡು ಸಲ ಹೊರಬಂತು, ಎರಡನೇ ಸಲ ಇಂಗ್ಲೆಂಡಿನಲ್ಲಿ.

ಪದ ಹುಟ್ಟಿದ ಊರು

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ. ಶಿಶುನಾಳ ಅಂದರೆ ಇದೇ. 1997ರಲ್ಲಿ ಹಾವೇರಿ ಜಿಲ್ಲೆ ಆಗುವ ತನಕ ಆ ಊರು ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅವರ ಗುರು ಗೋವಿಂದಭಟ್ಟರು ಕಳಸದವರು. ಕಳಸ ಇರುವುದು ನಮ್ಮ ಕುಂದಗೋಳ ತಾಲ್ಲೂಕಿನಲ್ಲಿ. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಈ ಕಥೆ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಶರೀಫರು ತೀರಿಕೊಂಡದ್ದು 1889ರಲ್ಲಿ. ಅಮೆರಿಕದ ಎಡಿಸನ್ ದನಿ ಹಿಡಿಯುವ ಯಂತ್ರ ಮಾಡಿದ್ದು 1877ರಲ್ಲಿ. ಆದರೆ ಗ್ರಾಮಾಫೋನ್ ಕಂಪನಿಯವರು ನಮ್ಮ ದೇಶಕ್ಕೆ ಬಂದು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದ್ದು 1902ರಲ್ಲಿ. ಶರೀಫಜ್ಜ ತನ್ನ ಪದಗಳನ್ನು ಯಾವ ಧಾಟಿಯಲ್ಲಿ ಹಾಡುತ್ತಿದ್ದ ಅನ್ನುವುದಕ್ಕೆ ಹೀಗಾಗಿ ದನಿಯ ಪುರಾವೆ ಇಲ್ಲ.

ಪದಗಳನ್ನು ಜೋಪಾನ ಮಾಡಿದ್ದು ಭಜನಿ ಮೇಳಗಳು. ಏಕತಾರಿ, ದಮ್ಮಡಿ, ತಾಳ, ಆಮೇಲೆ ಪೇಟಿ. ಅಮವಾಸ್ಯೆ, ಏಕಾದಶಿ, ಶ್ರಾವಣ, ಸತ್ತವರ ಮನೆಯ ರಾತ್ರಿ ಜಾಗರಣೆ. ಒಬ್ಬ ಕೈಬರಹದ ಪುಸ್ತಕದಲ್ಲಿ ಬರೆದುಕೊಂಡ, ಇನ್ನೊಬ್ಬ ಬಾಯಿಪಾಠ ಮಾಡಿದ. ಆಮೇಲೆ ಸಂಗ್ರಹಕಾರರು ಅವನ್ನೆಲ್ಲ ಕೂಡಿಸಿ ಅಚ್ಚು ಹಾಕಿದರು.

ಅಚ್ಚಿನಿಂದ ಕ್ಯಾಸೆಟ್‌ಗೆ ತಂದವರಲ್ಲಿ ಮುಖ್ಯರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ ಮತ್ತು ಗಾಯಕ ಸಿ. ಅಶ್ವತ್ಥ್. ಈ ಪದಗಳನ್ನು ನಾಡಿಗೆಲ್ಲ ಮುಟ್ಟಿಸಿದ್ದಕ್ಕೆ ಭಟ್ಟರಿಗೆ ‘ಶರೀಫ ಭಟ್ಟ’ ಅಂತಲೇ ಹೆಸರು ಬಿತ್ತು. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡ ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥ್ ಅವರದು. ಆ ಹೊತ್ತಿಗೆ ಶಿಶುನಾಳ ಎಲ್ಲಿದೆ ಅಂತ ಗೊತ್ತಿಲ್ಲದ ಮನೆಯಲ್ಲೂ ಶರೀಫರ ಪದ ಕೇಳುತ್ತಿತ್ತು.

ಬಾಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಕ್ಯಾಸೆಟ್‌ಗೆ, ಕ್ಯಾಸೆಟ್‌ನಿಂದ ಸಿನಿಮಾಕ್ಕೆ. ಒಂದೊಂದೂ ಒಂದು ಮರುಬಿಡುಗಡೆಯೇ.

ಗಿಟಾರ್ ಹಿಡಿದ ಮೈಸೂರಿನ ಹುಡುಗ

ಈಗ ಬ್ಯಾಂಡಿಗೆ ಬರೋಣ. ರಾಕ್ ಬ್ಯಾಂಡ್ ಅಂದರೆ ಅದೂ ಒಂದು ಮೇಳವೇ. ಪೇಟಿ ಜಾಗದಲ್ಲಿ ಗಿಟಾರ್, ತಬಲಾ ಜಾಗದಲ್ಲಿ ಡ್ರಮ್ಸ್, ಕೆಳಗಿನ ದನಿ ಹಿಡಿಯಲು ಬೇಸ್ ಗಿಟಾರ್. ನಮ್ಮ ಮೇಳದಲ್ಲಿ ಹಾಡು ಹಿರಿಯರಿಂದ ಬರುತ್ತದೆ. ಬ್ಯಾಂಡಿನವರು ತಮ್ಮದೇ ಹಾಡು ಕಟ್ಟಬೇಕು ಅಂತ ಹಟ ಹಿಡಿದವರು.

ಬೆಂಗಳೂರಿನ ಕಾಲೇಜುಗಳಲ್ಲಿ ಬ್ಯಾಂಡುಗಳಿಗೆ ಬರವಿರಲಿಲ್ಲ. ಆದರೆ ಬಹುತೇಕ ಬ್ಯಾಂಡುಗಳು ಹಾಡುತ್ತಿದ್ದದ್ದು ಇಂಗ್ಲೆಂಡ್, ಅಮೆರಿಕದವರ ಹಾಡುಗಳನ್ನೇ. ಸ್ವಂತ ಹಾಡು ಕಟ್ಟಿದವರಿಗೆ ಕಂಪನಿ ಸಿಗುವುದು ಕಷ್ಟ. ನಮ್ಮಲ್ಲಿ ಕ್ಯಾಸೆಟ್ ಪೇಟೆ ಅಂದರೆ ಸಿನಿಮಾ ಹಾಡು, ಭಕ್ತಿಗೀತೆ, ಭಾವಗೀತೆ. ಹೀಗಾಗಿ ಕೆಲವರು ತಮ್ಮ ದಾರಿ ತಾವೇ ಮಾಡಿಕೊಂಡರು. 1996ರಲ್ಲಿ ಬೆಂಗಳೂರಿನಲ್ಲಿ ಕೂಡಿದ ‘ಥರ್ಮಲ್ ಆಂಡ್ ಎ ಕ್ವಾರ್ಟರ್’ ಬ್ಯಾಂಡು ತನ್ನ ಮೊದಲ ಆಲ್ಬಂ ಅನ್ನು 2000ದಲ್ಲಿ ದೊಡ್ಡ ಕಂಪನಿಯ ಹಂಗಿಲ್ಲದೆ ಹೊರತಂದಿತು.

ರಘು ದೀಕ್ಷಿತ್ ಅವರ ಕಥೆ ಸ್ವಲ್ಪ ಬೇರೆ. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ., ಅದರಲ್ಲಿ ಚಿನ್ನದ ಪದಕ. ಭರತನಾಟ್ಯ ಕಲಿತವರು. ಗಿಟಾರ್ ಕೈಗೆ ಬಂದದ್ದು ಕಾಲೇಜಿನಲ್ಲಿ ಒಬ್ಬ ಸಹಪಾಠಿಯ ಜೊತೆ ಕಟ್ಟಿದ ಪಂಥದಿಂದ, ತಾವೇ ಕಲಿತರು. ಬೆಲ್ಜಿಯಂನಲ್ಲಿ ವಿಜ್ಞಾನಿಯ ನೌಕರಿ ಸಿಕ್ಕಿತು. ಅದನ್ನು ಬಿಟ್ಟು ಹಾಡಲಿಕ್ಕೆ ವಾಪಸ್ ಬಂದರು. ನಮ್ಮ ಮನೆಗಳಲ್ಲಿ ಹೀಗೆ ಮಾಡಿದ್ದರೆ ಏನು ಕೇಳಬೇಕಾಗುತ್ತಿತ್ತು ಅಂತ ನೀವೇ ಊಹಿಸಿ.

ಮೊದಲು ‘ಅಂತರಾಗ್ನಿ’ ಅಂತ ಬ್ಯಾಂಡ್ ಇತ್ತು. ಒಳಗಿನ ಬೆಂಕಿ ಅಂತ ಅರ್ಥ. ಅದು ಒಡೆದ ಮೇಲೆ ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ ಆಯಿತು. ಗಿಟಾರಿನ ಜೊತೆ ಪಿಟೀಲು. ಕಾಲಿಗೆ ಗೆಜ್ಜೆ, ಉಡಲು ಲುಂಗಿ. ಹಾಡು ಕನ್ನಡದಲ್ಲೂ ಇತ್ತು, ಹಿಂದಿಯಲ್ಲೂ, ಇಂಗ್ಲಿಷಿನಲ್ಲೂ ಇತ್ತು.

ಕಂಪನಿಗಳಿಗೆ ತೊಡಕಾದದ್ದು ಇದೇ. ಮೂರು ಭಾಷೆಯ ಹಾಡು ಒಂದೇ ಸಿಡಿಯಲ್ಲಿ ಇದ್ದರೆ ಅಂಗಡಿಯಲ್ಲಿ ಯಾವ ಸಾಲಿನಲ್ಲಿ ಇಡುವುದು? ವರ್ಷಗಟ್ಟಲೆ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ ಅಂತ ರಘು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕೊನೆಗೆ ಕೈ ಹಿಡಿದವರು ಹಿಂದಿ ಸಿನಿಮಾ ಸಂಗೀತದ ವಿಶಾಲ್–ಶೇಖರ್ ಜೋಡಿ. ಅವರು ತಾವೇ ಹೊಸದಾಗಿ ಶುರು ಮಾಡಿದ ಸಣ್ಣ ಸಂಸ್ಥೆಯಿಂದ 2008ರಲ್ಲಿ ರಘು ಅವರ ಮೊದಲ ಆಲ್ಬಂ ಬಂತು. ಪೂರಾ ಸ್ವಂತ ಬಿಡುಗಡೆ ಅಲ್ಲ, ದೊಡ್ಡ ಕಂಪನಿಯದೂ ಅಲ್ಲ. ಸಂಗೀತಗಾರರೇ ಇನ್ನೊಬ್ಬ ಸಂಗೀತಗಾರನಿಗೆ ಮಾಡಿಕೊಟ್ಟ ದಾರಿ.

ಆ ಆಲ್ಬಂನ ಕನ್ನಡ ಹಾಡುಗಳಲ್ಲಿ ನಮ್ಮ ಶರೀಫಜ್ಜನ ಗುಡುಗುಡಿ ಪದ ಇತ್ತು. ಧಾಟಿ ರಘು ಅವರದು. ಪದದಲ್ಲಿ ಗುಡುಗುಡಿ ಅಂದರೆ ಹುಕ್ಕಾ ಅಷ್ಟೇ ಅಲ್ಲ, ಅದು ಈ ದೇಹ. ಅದರ ಒಂದೊಂದು ಭಾಗಕ್ಕೂ ಒಳಗಿನ ಅರ್ಥ ಇಟ್ಟು ಕಟ್ಟಿದ ತತ್ವಪದ. ಭಜನಿಯಲ್ಲಿ ಕೂತವರಿಗೆ ಇದು ಗೊತ್ತು. ಬೆಂಗಳೂರಿನ ಕಾಲೇಜಿನಲ್ಲಿ ಕುಣಿದ ಹುಡುಗರಿಗೆಲ್ಲ ಗೊತ್ತಿತ್ತು ಅಂತ ನಾವು ಹೇಳುವುದಿಲ್ಲ. ಆದರೆ ಅವರ ಬಾಯಲ್ಲಿ ಪದ ಕೂತಿತು. ನಮ್ಮಲ್ಲೂ ಅನೇಕರು ಮೊದಲು ಪದ ಕಲಿತೇ ಆಮೇಲೆ ಅರ್ಥ ತಿಳಿದವರು, ಅಲ್ಲವೇ?

ಎರಡನೇ ಸಲ, ದನ ಮೇಯುವ ಹೊಲದ ಊರಲ್ಲಿ

2010ರಲ್ಲಿ ರಘು ಅವರ ಬ್ಯಾಂಡು ಬ್ರಿಟನ್ನಿನ ಬಿಬಿಸಿ ಟಿವಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಅದು ಅಲ್ಲಿಯ ಸಂಗೀತಪ್ರಿಯರು ಬಿಡದೆ ನೋಡುವ ಕಾರ್ಯಕ್ರಮ. ಅದಾದ ಬೆನ್ನಿಗೇ ಆ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್‌ನಲ್ಲಿ ವಿಶ್ವಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ನಮ್ಮಲ್ಲಿ ಎರಡು ವರ್ಷ ಹಳೆಯದಾಗಿದ್ದ ಆಲ್ಬಂ ಅಲ್ಲಿಯ ಒಂದು ಸಣ್ಣ ಸಂಸ್ಥೆಯ ಮೂಲಕ ಮತ್ತೆ ಹೊರಬಂದು, ಅಲ್ಲಿಯ ಜನರಿಗೆ ಹೊಚ್ಚಹೊಸದಾಯಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಎಂಬ ಬ್ರಿಟಿಷ್ ಪತ್ರಿಕೆ ರಘು ಅವರಿಗೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಆಗ ಅವರು ಹಾಡಲು ಹತ್ತಿ ಹತ್ತು ವರ್ಷದ ಮೇಲಾಗಿತ್ತು!

ಅದೇ ವರ್ಷ ಅವರು ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಇದರ ಬಗ್ಗೆ ನಮ್ಮ ಓದುಗರಿಗೆ ಒಂದು ಮಾತು ಹೇಳಲೇಬೇಕು. ಜಗತ್ತಿನ ದೊಡ್ಡ ಸಂಗೀತ ಉತ್ಸವಗಳಲ್ಲಿ ಒಂದಾದ ಇದು ನಡೆಯುವುದು ಯಾವುದೋ ಸ್ಟೇಡಿಯಂನಲ್ಲಿ ಅಲ್ಲ, ಪಿಲ್ಟನ್ ಎಂಬ ಹಳ್ಳಿಯ ಒಂದು ಹೈನುಗಾರಿಕೆ ಜಮೀನಿನಲ್ಲಿ. ಮೈಕೆಲ್ ಈವಿಸ್ ಅನ್ನುವ ರೈತ 1970ರಲ್ಲಿ ಶುರು ಮಾಡಿದ. ಮೊದಲ ವರ್ಷ ಟಿಕೆಟ್ ಒಂದು ಪೌಂಡ್, ಜೊತೆಗೆ ಹಾಲು ಪುಕ್ಕಟೆ. ಉತ್ಸವ ಇಲ್ಲದಾಗ ಅಲ್ಲಿ ಆಕಳು ಮೇಯುತ್ತವೆ. ಹೊಲದಲ್ಲಿ ಹಂದರ ಹಾಕಿ ರಾತ್ರಿ ಹಾಡುವುದು ನಮಗೇನು ಹೊಸದಲ್ಲ, ಅವರಿಗೂ ಅಲ್ಲ.

2013ರಲ್ಲಿ ರಘು ಅವರ ಎರಡನೇ ಆಲ್ಬಂ ‘ಜಗ್ ಚಂಗಾ’ ಬಂತು. ಅದರಲ್ಲೂ ಶರೀಫರ ಪದ ಇತ್ತು, ‘ಲೋಕದ ಕಾಳಜಿ’. ಇವತ್ತು ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಶರೀಫರನ್ನು ಮೊದಲು ಕೇಳಿದ್ದು ಹೀಗೆ ಫೋನಿನಲ್ಲಿ. ಆಮೇಲೆ ಅಜ್ಜನ ಹತ್ತಿರ ಹೋಗಿ “ಇದು ನಿನಗ ಬರ್ತೈತೇನು?” ಅಂತ ಕೇಳುತ್ತಾರೆ. ಮೂಲದಿಂದ ದೂರ ಹೋದ ಪದ ಸುತ್ತು ಹಾಕಿ ಮನೆಗೇ ಬಂದಿದೆ.

ನಲವತ್ತು ವರ್ಷ ತಡವಾದರೆ

ರಘು ಅವರ ಆಲ್ಬಂಗೆ ಎರಡನೇ ಬಿಡುಗಡೆ ಎರಡು ವರ್ಷದಲ್ಲೇ ಸಿಕ್ಕಿತು. ಆಗ ಹಾಡಿದವರು ಹರೆಯದಲ್ಲಿದ್ದರು. ಎಲ್ಲರಿಗೂ ಹೀಗಾಗುವುದಿಲ್ಲ. ಸ್ವಂತ ರೊಕ್ಕದಲ್ಲಿ ಮೊದಲ ಆಲ್ಬಂ ಮಾಡಿ, ಎರಡನೇ ಬಿಡುಗಡೆಗೆ ನಲವತ್ತು ವರ್ಷ ಕಾದ ಒಂದು ಬ್ಯಾಂಡು ಆಫ್ರಿಕಾದ ಜಾಂಬಿಯಾದಲ್ಲಿದೆ. ದೊಡ್ಡಪ್ಪನ ಕ್ಯಾಸೆಟ್‌ಗೆ ಹತ್ತಿರದ ಕಥೆ ಅದು.

ಜಾಂಬಿಯಾ ತಾಮ್ರದ ಗಣಿಗಳ ದೇಶ. 1964ರಲ್ಲಿ ಸ್ವಾತಂತ್ರ್ಯ ಸಿಕ್ಕಿತು. 1970ರ ದಶಕದ ಆರಂಭದಲ್ಲಿ ಅಲ್ಲಿಯ ಹುಡುಗರು ಗಿಟಾರ್ ಹಿಡಿದು ತಮ್ಮದೇ ರಾಕ್ ಕಟ್ಟಿದರು. ಅದಕ್ಕೆ ಆಮೇಲೆ ‘ಜಾಮ್‌ರಾಕ್’ ಅಂತ ಹೆಸರಾಯಿತು. ಅದರಲ್ಲಿ ಮುಂದಿದ್ದ ಬ್ಯಾಂಡಿನ ಹೆಸರು ‘ವಿಚ್’. ಗಾಯಕ ಇಮ್ಯಾನುಯೆಲ್ ಚಾಂಡಾ. ಇಂಗ್ಲೆಂಡಿನ ಮಿಕ್ ಜಾಗರ್ ಹಾಗೆ ಕುಣಿಯುತ್ತಾನೆ ಅಂತ ಜನ ಅವನಿಗೆ ಇಟ್ಟ ಹೆಸರು ‘ಜಗಾರಿ’.

1972ರಲ್ಲಿ ಈ ಹುಡುಗರು ‘ಇಂಟ್ರೊಡಕ್ಷನ್’ ಎಂಬ ಮೊದಲ ಆಲ್ಬಂ ಮಾಡಿದರು. ಕಂಪನಿ ಇರಲಿಲ್ಲ, ಖರ್ಚು ತಮ್ಮದೇ. ರೆಕಾರ್ಡ್ ತಟ್ಟೆ ಒತ್ತಿಸಲು ಕೀನ್ಯಾದ ನೈರೋಬಿಗೆ ಕಳಿಸಬೇಕಾಯಿತು. ಬಂದ ಪ್ರತಿಗಳನ್ನು ತಾವು ಹಾಡಲು ಹೋದಲ್ಲೆಲ್ಲ ತಾವೇ ಮಾರಿದರು. ಜಾತ್ರೆಯಲ್ಲಿ ಕ್ಯಾಸೆಟ್ ಮಾರಿದ ನಮ್ಮ ದೊಡ್ಡಪ್ಪನ ಮೇಳದ ಹಾಗೇ.

ಮುಂದೆ ತಾಮ್ರದ ಬೆಲೆ ಬಿತ್ತು. ದೇಶದ ಕೈ ಖಾಲಿಯಾಯಿತು. ಸಂಗೀತಕ್ಕೆ ಕೊಡಲು ಜನರ ಹತ್ತಿರ ರೊಕ್ಕ ಇರಲಿಲ್ಲ. ಆಮೇಲೆ ಏಡ್ಸ್ ಬಂತು. ಜಗಾರಿಯ ಮೊದಲಿನ ಸಂಗಾತಿಗಳು ಒಬ್ಬೊಬ್ಬರೇ ಹೋದರು. ಜಗಾರಿ ರತ್ನದ ಕಲ್ಲು ಹುಡುಕುತ್ತಾ ಗಣಿಯಲ್ಲಿ ನೆಲ ಅಗೆಯಲು ಹೋದರು.

ಈ ನಡುವೆ ಹಳೆಯ ತಟ್ಟೆಗಳನ್ನು ಜೋಪಾನ ಮಾಡಿಟ್ಟ ಹವ್ಯಾಸಿಗಳು ಅಲ್ಲಲ್ಲಿ ಇದ್ದರು. 2012ರಲ್ಲಿ ಅಮೆರಿಕದ ‘ನೌ-ಎಗೇನ್’ ಎಂಬ ಸಂಸ್ಥೆ ವಿಚ್ ಬ್ಯಾಂಡಿನ ಹಳೆಯ ಆಲ್ಬಂಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಮತ್ತೆ ಹೊರತಂದಿತು. ಅರವತ್ತು ದಾಟಿದ ಜಗಾರಿ ಯುರೋಪಿನ ವೇದಿಕೆಗಳಲ್ಲಿ ಹಾಡಿದರು. 2023ರಲ್ಲಿ ‘ಜಾಂಗೋ’ ಎಂಬ ಹೊಸ ಆಲ್ಬಂ ಕೂಡ ಬಂತು.

ಕೇಳಲು ಸಂತೋಷದ ಕಥೆ. ಆದರೆ ಇನ್ನೊಂದು ಬದಿಯಿಂದ ನೋಡಿ. ನಲವತ್ತು ವರ್ಷದ ಮೇಲೆ ಚಪ್ಪಾಳೆ ಬಂದಾಗ ಆ ಮೊದಲ ಮೇಳದಲ್ಲಿ ಬಹಳ ಮಂದಿ ಕೇಳಲು ಇರಲಿಲ್ಲ.

ಹಾಡು ಯಾರದು, ಟೇಪು ಯಾರದು

ಎರಡನೇ ಬಿಡುಗಡೆ ಮಾಡಲು ಹೊರಟಾಗ ಮೊದಲು ಬರುವ ಪ್ರಶ್ನೆ: ಇದು ಯಾರದು? ನಮ್ಮ ಕಡೆಯ ಭಜನಿ, ಜಾನಪದ ಮೇಳಗಳೆಲ್ಲ ಈಗ ಯೂಟ್ಯೂಬ್‌ಗೆ ಹಾಡು ಹಾಕುತ್ತಿವೆ. ಹೀಗಾಗಿ ಇದನ್ನು ತಿಳಿದಿರುವುದು ಒಳ್ಳೆಯದು.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ರೆಕಾರ್ಡ್ ಆದ ಹಾಡಿನಲ್ಲಿ ಮೂರು ಬೇರೆ ಬೇರೆ ಹಕ್ಕು ಇರುತ್ತವೆ.

ಒಂದು, ಸಾಹಿತ್ಯ. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಶರೀಫರು ಹೋಗಿ 130 ವರ್ಷದ ಮೇಲಾಯಿತು. ಅವರ ಪದ ಹಾಡಲು ಯಾರ ಅಪ್ಪಣೆಯೂ ಬೇಡ, ನಿಮಗೂ ಬೇಡ, ರಾಕ್ ಬ್ಯಾಂಡಿಗೂ ಬೇಡ.

ಎರಡು, ಧಾಟಿ. ಹೊಸದಾಗಿ ರಾಗ ಕಟ್ಟಿದವರಿಗೆ ಅದರ ಹಕ್ಕು ಇರುತ್ತದೆ. ಅಶ್ವತ್ಥ್ ಅವರ ಧಾಟಿ ಬೇರೆ, ರಘು ಅವರದು ಬೇರೆ, ನಿಮ್ಮ ಊರಲ್ಲಿ ಹಿಂದಿನಿಂದ ಬಂದದ್ದು ಬೇರೆ.

ಮೂರು, ರೆಕಾರ್ಡಿಂಗ್. ಹೊರಬಂದ ಮೇಲೆ ಇದಕ್ಕೂ 60 ವರ್ಷ ಹಕ್ಕು. ಇದು ಸಾಮಾನ್ಯವಾಗಿ ಹಾಡಿದವರದಲ್ಲ, ಜವಾಬ್ದಾರಿ ಹೊತ್ತು ಮಾಡಿಸಿದ ನಿರ್ಮಾಪಕರದು. ಕರಾರುಪತ್ರದಲ್ಲಿ ಬೇರೆ ಬರೆದಿದ್ದರೆ ಆ ಮಾತು ಬೇರೆ.

ಮೂರನೆಯದರಲ್ಲೇ ಸ್ವಂತ ಬಿಡುಗಡೆಯ ಗುಟ್ಟು ಇದೆ. ತಾವೇ ಮುಂದೆ ನಿಂತು ರೊಕ್ಕ ಹಾಕಿ ಮಾಡಿಸಿದವರಿಗೆ ಮುಂದೆ ತಮ್ಮ ಹಾಡನ್ನು ಮತ್ತೆ ಹೊರತರುವ ದಾರಿ ತೆರೆದಿರುತ್ತದೆ. ಓದದೆ ಸಹಿ ಮಾಡಿಕೊಟ್ಟರೆ ಆ ದಾರಿ ಇನ್ನೊಬ್ಬರ ಕೈಗೆ ಹೋಗುತ್ತದೆ. ದೊಡ್ಡಪ್ಪನಿಗೆ ಕೇಳಿದೆವು, ಆಗ ಏನಾದರೂ ಕಾಗದ ಬರೆದಿದ್ದಿರಾ?

“ಕಾಗದ ಎಲ್ಲೀದೋ? ರೊಕ್ಕಾ ಕೊಟ್ವಿ, ಕ್ಯಾಸೆಟ್ ತಗೊಂಡ್ವಿ. ಮೂಲ ಟೇಪ್ ಕೇಳಬೇಕಂತ ನಮಗೇನ್ ಗೊತ್ತು?”

ಹಕ್ಕು ಮೇಳದ ಕೈಯಲ್ಲೇ ಇತ್ತು ಅನ್ನಿ. ಆದರೆ ಮೂಲ ಟೇಪು ಕೈಯಲ್ಲಿ ಇರಲಿಲ್ಲ. ಬರೀ ಹಕ್ಕು ಇಟ್ಟುಕೊಂಡು ಹಾಡು ಕೇಳಿಸಲು ಬರುವುದಿಲ್ಲ.

ನಾವು ಮಾಡಿದ್ದು

ಆ ಕ್ಯಾಸೆಟ್ ಅನ್ನು ಗಡಿಬಿಡಿಯಲ್ಲಿ ಹಾಕಿ ನೋಡಲಿಲ್ಲ. ಹಳೆಯ ಟೇಪಿಗೆ ಬೂಸಲು ಹಿಡಿದಿರುತ್ತದೆ, ಪ್ಲೇಯರಿನಲ್ಲಿ ಸಿಕ್ಕಿ ಹರಿಯುತ್ತದೆ. ಮೊದಲು ಪೆನ್ಸಿಲ್ ಹಾಕಿ ಕೈಯಿಂದ ನಿಧಾನ ತಿರುಗಿಸಿದೆವು. ಪ್ಲೇಯರಿನ ಹೆಡ್ ಒರೆಸಿದೆವು. ಬೇರೆ ಒಂದು ಕ್ಯಾಸೆಟ್ ಹಾಕಿ ಪ್ಲೇಯರ್ ಸರಿ ಓಡುತ್ತದೆಯೇ ನೋಡಿದೆವು. ಆಮೇಲೆ ವಯರ್ ಹಚ್ಚಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಒಂದು ಬದಿಯ ಕೊನೆಯ ಪದ ಅರ್ಧಕ್ಕೇ ಅಳಿಸಿದೆ. ಉಳಿದದ್ದೆಲ್ಲ ಬಂತು.

ದೊಡ್ಡಪ್ಪನನ್ನು ಕೂರಿಸಿಕೊಂಡು ಒಂದೊಂದು ಪದಕ್ಕೂ ಯಾರು ಮುಂದೆ ಹಾಡಿದರು, ಪೇಟಿ ಯಾರು, ತಾಳ ಯಾರು ಅಂತ ಬರೆದುಕೊಂಡೆವು. ವರ್ಷ ಅವರಿಗೆ ನೆನಪಿಲ್ಲ. “ದೊಡ್ಡ ಮಗಳ ಲಗ್ನದ ಹಿಂದಿನ ವರ್ಷ” ಅಂದರು. ಲಗ್ನಪತ್ರಿಕೆ ಹುಡುಕಿ ವರ್ಷ ಹಿಡಿದೆವು. ತೀರಿಕೊಂಡ ನಾಲ್ವರ ಮನೆಗಳಿಗೂ ಹೋಗಿ, ಈ ಹಾಡು ಎಲ್ಲರಿಗೂ ಕೇಳಿಸಬಹುದೇ ಅಂತ ಒಪ್ಪಿಗೆ ಕೇಳಿದೆವು. ಒಂದು ಮನೆಯಲ್ಲಿ ಮಗ ಫೋನು ಕಿವಿಗೆ ಹಿಡಿದು ಅಪ್ಪನ ದನಿ ಕೇಳಿದ. ಪೂರ್ತಿ ಕೇಳಿ, “ಇನ್ನೊಮ್ಮೆ ಹಚ್ಚರಿ” ಅಂದ.

ಈಗ ಆ ಹಾಡುಗಳು ನಾಲ್ಕು ಕಡೆ ಇವೆ. ಒಂದು ನಮ್ಮ ಲ್ಯಾಪ್‌ಟಾಪಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಇಂಟರ್ನೆಟ್ ಡ್ರೈವಿನಲ್ಲಿ, ಇನ್ನೊಂದು ಎಲ್ಲ ಆರು ಮನೆಗಳ ಫೋನಿನಲ್ಲಿ. ಬರೇ ವಾಟ್ಸಾಪ್‌ನಲ್ಲಿ ಕಳಿಸಿ ಬಿಟ್ಟಿದ್ದರೆ ಫೋನು ಕೆಟ್ಟ ದಿನ ಅವೂ ಹೋಗುತ್ತಿದ್ದವು.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಡಬ್ಬಿ ಇರಬಹುದು. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಎಲ್ಲಿಯದಾದರೂ ಸರಿ. ಭಜನಿ ಇರಲಿ, ಡೊಳ್ಳಿನ ಪದ ಇರಲಿ, ಸೋಬಾನ ಪದ ಇರಲಿ, ಸಿಕ್ಕರೆ ಮೂರು ಕೆಲಸ ಮಾಡಿ. ಹಾಡಿದವರು ಬದುಕಿದ್ದಾಗಲೇ ಹೆಸರು, ಊರು, ವರ್ಷ ಬರೆದುಕೊಳ್ಳಿ. ಟೇಪನ್ನು ಗೊತ್ತಿದ್ದವರ ಕೈಯಿಂದಲೇ ಇಳಿಸಿ. ಕಾಪಿ ಒಂದಕ್ಕಿಂತ ಹೆಚ್ಚು ಕಡೆ ಇಡಿ. ಹೊಸದಾಗಿ ಸ್ಟುಡಿಯೋಕ್ಕೆ ಹೋಗುವ ಮೇಳದವರಿದ್ದರೆ, ಹಣ ಕೊಡುವ ಮೊದಲೇ ಮೂಲ ಫೈಲು ನಮಗೆ ಕೊಡಬೇಕು ಅಂತ ಒಂದು ಸಾಲು ಬರೆಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ದೊಡ್ಡಪ್ಪನಿಗೆ ರಘು ದೀಕ್ಷಿತ್ ಹಾಡಿದ ಗುಡುಗುಡಿ ಪದ ಕೇಳಿಸಿದೆವು. ಡ್ರಮ್ಸ್ ಶುರುವಾದಾಗ ಹುಬ್ಬು ಗಂಟಿಕ್ಕಿದರು. ಸ್ವಲ್ಪ ಹೊತ್ತಿಗೆ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.

“ಧಾಟಿ ಬ್ಯಾರೆ ಐತಿ,” ಅಂದರು. “ಪದ ಮಾತ್ರ ನಮ್ದ ಐತಿ. ಚಲೋ ಹಾಡ್ಯಾನ. ಈಗ ನಮ್ದ ಹಚ್ಚು.”

ಹಚ್ಚಿದೆವು.